ಆ್ಯಷಿಂಗ್ಟನ್ ಸುತ್ತಮುತ್ತ ಮನೆ ಹುಡುಕುವವರಿಗೆ

ಕೆಲಸ ಸಿಕ್ಕಿ ಇಂಗ್ಲೆಂಡಿನ ಈ ಈಶಾನ್ಯ ಮೂಲೆಗೆ, ವಾನ್ಸ್‌ಬೆಕ್ ಆಸ್ಪತ್ರೆಗೋ ಕ್ರ್ಯಾಮ್ಲಿಂಗ್ಟನ್‌ನ ತುರ್ತು ಚಿಕಿತ್ಸಾ ಆಸ್ಪತ್ರೆಗೋ ಬರುವ ಕನ್ನಡಿಗರು ಸಾಮಾನ್ಯವಾಗಿ ಆ್ಯಷಿಂಗ್ಟನ್ ಪೇಟೆಯೊಳಗೇ ಮನೆ ಹುಡುಕುತ್ತಾರೆ. ಮುಂಗಡ ಕೊಡುವ ಮೊದಲು ಸುತ್ತಲಿನ ಹಳ್ಳಿಗಳನ್ನೂ ಒಮ್ಮೆ ನೋಡಿ ಬನ್ನಿ ಎಂಬುದು ನನ್ನ ಸಲಹೆ.

ಜಗತ್ತಿನ ಅತಿ ದೊಡ್ಡ ಕಲ್ಲಿದ್ದಲು ಗಣಿ ಹಳ್ಳಿ ಎಂದು ಹೆಸರಾಗಿದ್ದ ಊರು ಆ್ಯಷಿಂಗ್ಟನ್. ವುಡ್‌ಹಾರ್ನ್ ಗಣಿ 1981ರಲ್ಲಿ, ಆ್ಯಷಿಂಗ್ಟನ್ ಗಣಿ 1988ರಲ್ಲಿ, ಕೊನೆಗೆ ಎಲ್ಲಿಂಗ್ಟನ್ 2005ರಲ್ಲಿ ಮುಚ್ಚಿದವು. ಗಣಿ ಕಾರ್ಮಿಕರ ಮನೆಗಳು ಮಾತ್ರ ಇನ್ನೂ ಇವೆ: ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಉದ್ದನೆಯ ಸಾಲು, ಹಿಂದೊಂದು ಓಣಿ. ಕೆಜಿಎಫ್‌ನ ಲೈನುಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ. ಬಾಡಿಗೆ ಕೈಗೆಟಕುತ್ತದೆ, ಆದರೆ ಬೀರುಗಳ ಹಿಂದೆ, ಕಿಟಕಿ ಮೂಲೆಗಳಲ್ಲಿ ಬೂಷ್ಟು ಹಿಡಿದಿದೆಯೇ ಎಂದು ನೋಡಿಯೇ ಸಹಿ ಹಾಕಿ.

ಲೈನ್‌ಮತ್ ಗಣಿ ಕಂಪನಿಯೇ 1920ರ ದಶಕದಲ್ಲಿ ಕಟ್ಟಿಸಿದ ಊರು. ಅಲ್ಲಿನ ಅಲ್ಯೂಮಿನಿಯಂ ಕಾರ್ಖಾನೆ 2012ರಲ್ಲಿ ನಿಂತುಹೋಯಿತು. ಅದಕ್ಕೆಂದೇ ಕಟ್ಟಿದ ವಿದ್ಯುತ್ ಸ್ಥಾವರದಲ್ಲಿ ಈಗ ಕಲ್ಲಿದ್ದಲಿನ ಬದಲು ಮರದ ಉಂಡೆಗಳನ್ನು ಸುಡುತ್ತಾರೆ. ಕಾರಿಲ್ಲದವರು, ಅದರಲ್ಲೂ ರಾತ್ರಿ ಪಾಳಿಯವರು, ಅಲ್ಲಿಗೆ ಹೋಗದಿರುವುದೇ ಲೇಸು. ನನಗಿಷ್ಟವಾದದ್ದು ನ್ಯೂಬಿಗಿನ್. ಮೂಲತಃ ಮೀನುಗಾರರ ಊರು. ಕಡಲೊಳಗಿನ ಕಲ್ಲಿನ ತಡೆಗೋಡೆಯ ಮೇಲೆ ಗಂಡು ಹೆಣ್ಣಿನ ದೊಡ್ಡ ಕಂಚಿನ ಜೋಡಿ 2007ರಿಂದ ನಿಂತಿದೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಗಾಳಿಯದ್ದೇ ಕಾಟ: ಒಣಹಾಕಿದ ಬಟ್ಟೆ ಪಕ್ಕದ ಮನೆಯ ಅಂಗಳದಲ್ಲಿ ಸಿಕ್ಕರೆ ಅಚ್ಚರಿಪಡಬೇಡಿ.

ನಕ್ಷೆಯಲ್ಲಿ ನಿಲ್ದಾಣ ಕಂಡಿತೆಂದು ಪೆಗ್ಸ್‌ವುಡ್‌ನಲ್ಲಿ ಮನೆ ಹಿಡಿಯಬೇಡಿ. ಅಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯಷ್ಟು. ಆ್ಯಷಿಂಗ್ಟನ್‌ಗೆ 1964ರಲ್ಲಿ ನಿಂತಿದ್ದ ಪ್ರಯಾಣಿಕರ ರೈಲು 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿದೆ. ವೆಸ್ಟ್ ರೋಡಿನ ಹಿಂದೂ ದೇವಸ್ಥಾನಕ್ಕೋ, ತೊಗರಿಬೇಳೆ ಕರಿಬೇವಿಗೋ ನ್ಯೂಕ್ಯಾಸಲ್‌ಗೆ ಹೋಗುವುದು ಇದರಿಂದ ಬಹಳ ಸಲೀಸಾಗಿದೆ. ಬಸ್ಸಿನಲ್ಲಿ ಚೀಟಿ ಕೇಳುವಾಗ ಒಂದು ನೆನಪಿಡಿ: ಬೋರ್ಡಿನಲ್ಲಿ ಉಲ್ಘಮ್ ಎಂದು ಓದಬಹುದಾದ ಊರನ್ನು ಇಲ್ಲಿನವರು ಅಫ಼ಮ್ ಎನ್ನುತ್ತಾರೆ.

ಇಲ್ಲಿನ ಜನ ಬಾಯ್ತುಂಬ ಮಾತನಾಡುತ್ತಾರೆ. ಮೊದಲ ಭೇಟಿಯಲ್ಲೇ ನೀವು ಅವರಿಗೆ ‘ಪೆಟ್’. ಅದು ಅಕ್ಕರೆಯೇ ಹೊರತು ತಾತ್ಸಾರವಲ್ಲ. ಆದರೆ 1984-85ರ ಗಣಿ ಮುಷ್ಕರದ ವಿಷಯ ನೀವಾಗಿ ಎತ್ತಬೇಡಿ. ಮುಷ್ಕರ ಮುರಿದು ಕೆಲಸಕ್ಕೆ ಹೋದವರು, ಹೋಗದವರು ಎಂಬ ಕಾರಣಕ್ಕೆ ಮಾತು ಬಿಟ್ಟ ಮನೆತನಗಳು ಗಣಿ ಊರುಗಳಲ್ಲಿವೆ. ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ಮನೆ ಕೊಳ್ಳುವವರು ವಕೀಲರಿಂದ ಗಣಿ ವರದಿ ತರಿಸಲೇಬೇಕು. ಹತ್ತಿರದಲ್ಲಿ ಗಣಿಗೆ ಇಳಿಯುವ ಹಳೆಯ ಬಾವಿಯಿದೆಯೇ, ನೆಲ ಕುಸಿದ ದಾಖಲೆ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಸಾಲ ಕೊಡುವ ಬ್ಯಾಂಕೂ ಕೇಳುತ್ತದೆ. ಬಾಡಿಗೆಯವರಿಗೆ ಈ ತಲೆನೋವಿಲ್ಲ. ಮೆಂತ್ಯ, ಕೊತ್ತಂಬರಿ ಬೆಳೆಯುವ ಆಸೆಯಿದ್ದರೆ ಇಲ್ಲಿಗೆ ಬಂದ ತಕ್ಷಣವೇ ಸ್ಥಳೀಯ ಕೌನ್ಸಿಲ್‌ನಲ್ಲಿ ಕೈತೋಟದ ತುಂಡು ನೆಲಕ್ಕೆ ಹೆಸರು ಬರೆಸಿ. ಗಣಿಯವರಿಂದ ಬಂದ ಹವ್ಯಾಸ ಅದು, ಸ್ಪರ್ಧೆಗೆಂದೇ ತೋಳುಗಾತ್ರದ ಲೀಕ್ (ಈರುಳ್ಳಿ ಜಾತಿಯ ತರಕಾರಿ) ಬೆಳೆಯುವವರು ಪಕ್ಕದಲ್ಲೇ ಸಿಗುತ್ತಾರೆ. ಆದ್ದರಿಂದ ಸರದಿ ಬರುವುದು ತಡವಾಗಬಹುದು.