ಹಾಲಿನ ಕೂಲರ್‌ಗೆ ಲೈವ್ ಚಾರ್ಟ್: ನೋಡ್-ರೆಡ್ ಡ್ಯಾಶ್‌ಬೋರ್ಡಿನಲ್ಲಿ ನಂಬುವಂಥ ಗೆರೆ ಮೂಡಿಸುವುದು ಹೇಗೆ

ಹಳ್ಳಿ ಡೇರಿಯ ಬಲ್ಕ್ ಕೂಲರ್‌ಗೆ ಬಂದು ಬೀಳುವ ಹಾಲು ಸುಮಾರು 35 ಡಿಗ್ರಿ ಇರುತ್ತದೆ. ಮೂರು ಗಂಟೆಯ ಆಸುಪಾಸಿನಲ್ಲಿ ಅದನ್ನು 4 ಡಿಗ್ರಿಗೆ ಇಳಿಸಬೇಕು, ಟ್ಯಾಂಕರ್ ಬರುವ ತನಕ ಅಲ್ಲೇ ಹಿಡಿದಿಡಬೇಕು. ಒಂದು ಸೆನ್ಸರ್ ಇಟ್ಟು ಈ ಇಳಿತವನ್ನು ಫೋನಿನಲ್ಲಿ ನೋಡುವುದು ಈಗ ದೊಡ್ಡ ಕೆಲಸವಲ್ಲ. ನೋಡ್-ರೆಡ್‌ನಲ್ಲಿ (ನೋಡ್ ಎಂಬ ಚೌಕಗಳನ್ನು ವೈರ್‌ಗಳಿಂದ ಜೋಡಿಸಿ ಕೆಲಸ ಮಾಡಿಸುವ ತಂತ್ರಾಂಶ) ಚಾರ್ಟ್ ವಿಜೆಟ್ ಎಳೆದು ಹಾಕಿ ವೈರ್ ಜೋಡಿಸಿದರೆ ಗೆರೆ ಮೂಡಿಯೇ ಮೂಡುತ್ತದೆ. ಆ ಗೆರೆಯನ್ನು ನಂಬಬಹುದೇ ಅನ್ನುವುದೇ ನಿಜವಾದ ಪ್ರಶ್ನೆ. ಬೋರ್ಡಿನ ಪವರ್ ಹೋದರೂ ವೈಫೈ ಹೋದರೂ, ಸುಮ್ಮನೆ ಹಾಕಿದ ಚಾರ್ಟ್ ಕೊನೆಗೆ ಬಂದ 4 ಡಿಗ್ರಿಯನ್ನೇ ತೋರಿಸುತ್ತ ನಿಂತಿರುತ್ತದೆ. ನೋಡಿದವರು ಹಾಲು ತಣ್ಣಗಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಡೇಟಾ ನಿಂತರೆ ಅದು ಕಣ್ಣಿಗೆ ಬೀಳಬೇಕು ಎಂಬುದನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಹಂತಗಳನ್ನು ಜೋಡಿಸಿದೆ.

ಏನೇನು ಬೇಕು

ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಸರ್ಕ್ಯೂಟ್), ಸ್ಟೀಲ್ ಕವಚದ ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, ಡೇಟಾ ವೈರ್‌ಗೂ 3.3 ವೋಲ್ಟ್‌ಗೂ ನಡುವೆ ಹಾಕಲು 4.7 ಕಿಲೋಓಮ್ ರೆಸಿಸ್ಟರ್, ಮಸ್ಕಿಟೋ ಬ್ರೋಕರ್ (ಬೋರ್ಡಿನ ಸಂದೇಶಗಳನ್ನು ಪಡೆದು ನೋಡ್-ರೆಡ್‌ಗೆ ತಲುಪಿಸುವ ತಂತ್ರಾಂಶ) ಮತ್ತು ನೋಡ್-ರೆಡ್ ಎರಡೂ ಓಡುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಸೆನ್ಸರನ್ನು ನೇರವಾಗಿ ಹಾಲಿಗೆ ಇಳಿಬಿಡಬೇಡಿ. ಟ್ಯಾಂಕಿನಲ್ಲಿ ಉಷ್ಣಾಂಶ ಅಳೆಯಲೆಂದೇ ಬಿಟ್ಟಿರುವ ಒಂದು ಕೊನೆ ಮುಚ್ಚಿದ ಕೊಳವೆಯೊಳಗೆ ತುದಿ ಮುಟ್ಟುವಂತೆ ತೂರಿಸಿ, ಥರ್ಮಲ್ ಪೇಸ್ಟ್ ಹಚ್ಚಿ.

ಡ್ಯಾಶ್‌ಬೋರ್ಡಿಗೆ ಫ್ಲೋಫ್ಯೂಸ್‌ನವರ ಡ್ಯಾಶ್‌ಬೋರ್ಡ್ 2.0 ಹಾಕಿಕೊಳ್ಳಿ. ಹಳೆಯ ಡ್ಯಾಶ್‌ಬೋರ್ಡ್ ಪ್ಯಾಕೇಜಿನ ಬೆಳವಣಿಗೆ 2024ರಲ್ಲೇ ನಿಂತಿದೆ. ಹಳೆಯ ವಿಡಿಯೊಗಳಲ್ಲಿ ಕಾಣುವ ಪರದೆಗಳು ಹೆಚ್ಚಾಗಿ ಅದರವು, ಹೆಸರುಗಳು ಹೊಂದುವುದಿಲ್ಲ. ಎಡಿಟರ್ ಪೋರ್ಟ್ 1880ರಲ್ಲಿ ತೆರೆಯುತ್ತದೆ. ಅದೇ ವಿಳಾಸದ ಕೊನೆಗೆ /dashboard ಎಂದು ಸೇರಿಸಿದರೆ ಚಾರ್ಟ್‌ಗಳ ಪುಟ.

ಮಸ್ಕಿಟೋ 2.0 ಮತ್ತು ನಂತರದ ಆವೃತ್ತಿ ಹಾಕಿದ್ದರೆ ಒಂದು ವಿಷಯ ಗಮನಿಸಿ. ಸೆಟ್ಟಿಂಗ್ ಫೈಲಿನಲ್ಲಿ ಲಿಸನರ್ 1883 ಎಂದು ಬರೆಯದಿದ್ದರೆ ಅದು ಪೈ ಒಳಗಿನ ಕನೆಕ್ಷನ್ ಮಾತ್ರ ಒಪ್ಪುತ್ತದೆ. ಹೊರಗಿನ ಇಎಸ್‌ಪಿ32 ಎಷ್ಟು ಬಾರಿ ಯತ್ನಿಸಿದರೂ ಸೇರಲಾರದು. ಲಿಸನರ್ ಜೊತೆಗೆ ಯೂಸರ್ ಹೆಸರು, ಪಾಸ್‌ವರ್ಡನ್ನೂ ಇಟ್ಟುಬಿಡಿ.

ಕಳಿಸುವ ಕಡೆ

ಹಾಲಿನ ಉಷ್ಣಾಂಶ ಸೆಕೆಂಡಿನಲ್ಲಿ ಜಿಗಿಯುವುದಿಲ್ಲ. 10 ಸೆಕೆಂಡಿಗೊಂದು ಓದು ಧಾರಾಳ ಸಾಕು. 12 ಬಿಟ್ ರೆಸಲ್ಯೂಶನ್‌ನಲ್ಲಿ (ಅತಿ ಸಣ್ಣ ಮೆಟ್ಟಿಲಿನ ಅಳತೆ) ಈ ಸೆನ್ಸರ್‌ಗೆ ಒಂದು ಓದಿಗೇ 750 ಮಿಲಿಸೆಕೆಂಡ್ ಬೇಕು. ಆದ್ದರಿಂದ ಸೆಕೆಂಡಿಗೆ ಹತ್ತು ಸಲ ಕಳಿಸುವ ಕೋಡ್ ಹಳೆಯ ಅಂಕಿಯನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಅಷ್ಟೆ.

ಟಾಪಿಕ್ (ಸಂದೇಶದ ವಿಳಾಸ) ಹೆಸರು ಡೇರಿ/ಕೂಲರ್1/ಹಾಲು ಎಂಬಂತೆ ಸ್ಥಿರವಾಗಿರಲಿ. ಸಂದೇಶ ಚಿಕ್ಕದೊಂದು ಜೇಸನ್ (ಕೀ ಎಂಬ ಹೆಸರು ಮತ್ತು ಅದರ ಅಂಕಿಯ ಜೋಡಿ) ಆಗಿರಲಿ, ಅದರಲ್ಲಿ ಟೆಂಪ್ ಎಂಬ ಕೀ ಇದ್ದರೆ ಸಾಕು. ರೀಟೇನ್ ಎಂಬುದನ್ನು ಆಫ್ ಇಡಿ. ಅದು ಆನ್ ಇದ್ದರೆ, ನೋಡ್-ರೆಡ್ ಮರಳಿ ಕನೆಕ್ಟ್ ಆದಾಗಲೆಲ್ಲ ಬ್ರೋಕರ್ ತಾನು ಹಿಡಿದಿಟ್ಟಿದ್ದ ಹಳೆಯ ಓದನ್ನು ಒಪ್ಪಿಸುತ್ತದೆ. ನಿನ್ನೆ ರಾತ್ರಿಯ 4 ಡಿಗ್ರಿ ಈಗಿನ ಸಮಯದ ಬಿಂದುವಾಗಿ ಚಾರ್ಟಿಗೆ ಬಂದು ಕೂರುತ್ತದೆ. ಎರಡು ಕೂಲರ್‌ಗಳಿದ್ದರೆ ಎರಡು ಬೋರ್ಡಿಗೂ ಬೇರೆ ಬೇರೆ ಕ್ಲೈಂಟ್ ಐಡಿ ಕೊಡಿ. ಒಂದೇ ಐಡಿ ಇದ್ದರೆ ಒಂದು ಸೇರಿದಾಗ ಇನ್ನೊಂದನ್ನು ಬ್ರೋಕರ್ ಹೊರಹಾಕುತ್ತದೆ, ಅದು ಮತ್ತೆ ಸೇರಿ ಮೊದಲನೆಯದನ್ನು ಹೊರಹಾಕಿಸುತ್ತದೆ. ಎರಡೂ ಗೆರೆಗಳು ತುಂಡು ತುಂಡಾಗಿ ಕಾಣತೊಡಗಿದರೆ ಮೊದಲು ಇದನ್ನೇ ನೋಡಿ.

ಚಾರ್ಟಿಗೆ ಮುನ್ನ ಒಂದು ಜರಡಿ

ಡಿಎಸ್18ಬಿ20 ಕೈಕೊಟ್ಟಾಗ ಎರಡು ಅಂಕಿಗಳು ಪದೇ ಪದೇ ಎದುರಾಗುತ್ತವೆ. ವಿದ್ಯುತ್ ಬಂದ ಕೂಡಲೇ, ಅಳತೆ ಮುಗಿಯುವ ಮೊದಲೇ ಓದಿದರೆ 85. ಸೆನ್ಸರ್ ಸಿಗದೇ ಹೋದರೆ ಬಳಕೆಯಲ್ಲಿರುವ ಲೈಬ್ರರಿ ಕೊಡುವುದು ಮೈನಸ್ 127. ಇಂಥ ಒಂದೇ ಒಂದು ಬಿಂದು ಚಾರ್ಟಿನೊಳಗೆ ನುಸುಳಿದರೆ ವೈ ಅಕ್ಷ ಅಲ್ಲಿಯವರೆಗೆ ಹಿಗ್ಗುತ್ತದೆ, 4 ಡಿಗ್ರಿಗೂ 7 ಡಿಗ್ರಿಗೂ ಇರುವ ವ್ಯತ್ಯಾಸ ಚಪ್ಪಟೆಯಾಗಿ ಕಾಣದಂತಾಗುತ್ತದೆ. ಹಾಲಿನ ವಿಷಯದಲ್ಲಿ ಆ 3 ಡಿಗ್ರಿಯೇ ಎಲ್ಲ.

ಬ್ರೋಕರ್‌ನಿಂದ ಸಂದೇಶ ತರುವ ಎಂಕ್ಯುಟಿಟಿ ಇನ್ ನೋಡಿನ ಔಟ್‌ಪುಟ್ ಅನ್ನು ಪಾರ್ಸ್ ಆದ ಜೇಸನ್ ಆಬ್ಜೆಕ್ಟ್ ಎಂದು ಇಡಿ. ಅದರ ನಂತರ ಒಂದು ಸ್ವಿಚ್ ನೋಡ್. ಪ್ರಾಪರ್ಟಿ ಪೇಲೋಡ್ ಡಾಟ್ ಟೆಂಪ್ (ಪೇಲೋಡ್ ಅಂದರೆ ಸಂದೇಶದ ಒಳಗಿನ ಡೇಟಾ), ನಿಯಮ ಮೈನಸ್ 10ರಿಂದ 84ರ ನಡುವೆ. ಮೇಲಿನ ಮಿತಿಯನ್ನು 40ಕ್ಕೆ ಇಡೋಣ ಅನ್ನಿಸಬಹುದು. ಆದರೆ ಟ್ಯಾಂಕ್ ತೊಳೆಯುವಾಗ ಬಿಸಿನೀರು ಹಾಯಿಸುತ್ತಾರೆ, ಆ ಏರಿಕೆ ನಿಜವಾದದ್ದು. ತೊಳೆದದ್ದಕ್ಕೆ ಅದೇ ದಾಖಲೆ ಕೂಡ. ಎರಡನೇ ನಿಯಮವಾಗಿ ಅದರ್‌ವೈಸ್ ಸೇರಿಸಿ, ತಿರಸ್ಕೃತ ಓದುಗಳನ್ನು ಒಂದು ಡೀಬಗ್ ನೋಡಿಗೆ ಬಿಡಿ. ಅವನ್ನು ಸುಮ್ಮನೆ ಎಸೆದರೆ ಸೆನ್ಸರ್ ನಿಧಾನವಾಗಿ ಕೆಡುತ್ತಿರುವುದು ತಿಳಿಯದೇ ಹೋಗುತ್ತದೆ.

ಚಾರ್ಟ್ ನೋಡಿನ ಸೆಟ್ಟಿಂಗ್

ಟೈಪ್: ಲೈನ್. ಎಕ್ಸ್ ಅಕ್ಷ: ಟೈಮ್‌ಸ್ಕೇಲ್. ಆಕ್ಷನ್: ಅಪೆಂಡ್. ಇದು ರಿಪ್ಲೇಸ್ ಆಗಿದ್ದರೆ ಪ್ರತಿ ಹೊಸ ಓದು ಹಿಂದಿನದನ್ನು ಅಳಿಸಿ, ಚಾರ್ಟಿನಲ್ಲಿ ಒಂದೇ ಚುಕ್ಕೆ ಉಳಿಯುತ್ತದೆ.

ಸೀರೀಸ್ ಎಂಬಲ್ಲಿ ಮೆಸೇಜಿನ ಟಾಪಿಕ್ ಆರಿಸಿ. ಆಗ ಪ್ರತಿ ಟಾಪಿಕ್‌ಗೂ ಒಂದು ಗೆರೆ, ಒಂದು ಬಣ್ಣ ಸಿಗುತ್ತದೆ. ಉದ್ದನೆಯ ಟಾಪಿಕ್ ಚಾರ್ಟಿನ ಕೆಳಗೆ ಹಾಗೆಯೇ ಬಂದರೆ ಫೋನಿನಲ್ಲಿ ಅರ್ಧ ಜಾಗ ತಿನ್ನುತ್ತದೆ. ಮೊದಲೇ ಒಂದು ಚೇಂಜ್ ನೋಡ್ ಹಾಕಿ ಟಾಪಿಕನ್ನು ‘ಹಾಲು’ ಎಂದು ಬದಲಿಸಿ, ಕನ್ನಡ ಅಕ್ಷರಕ್ಕೆ ಯಾವ ತೊಂದರೆಯೂ ಇಲ್ಲ. ಟಾಪಿಕ್‌ನೊಳಗೆ ಸಮಯವನ್ನೋ ಕ್ರಮಸಂಖ್ಯೆಯನ್ನೋ ಸೇರಿಸುವ ಕೋಡ್ ಇದ್ದರೆ ಪ್ರತಿ ಓದಿಗೂ ಹೊಸ ಗೆರೆ ಹುಟ್ಟುತ್ತದೆ, ಚಾರ್ಟ್ ತುಂಬ ಬಣ್ಣ ಬಣ್ಣದ ಬಿಡಿ ಚುಕ್ಕೆಗಳು.

ವೈ ಎಂಬಲ್ಲಿ ಕೀ ಆರಿಸಿ ಟೆಂಪ್ ಎಂದು ಬರೆಯಿರಿ. ಕನಿಷ್ಠ 0, ಗರಿಷ್ಠ 40 ಎಂದು ಕೈಯಾರೆ ಕೊಡಿ. ಖಾಲಿ ಬಿಟ್ಟರೆ ಚಾರ್ಟ್ ತಾನೇ ಹೊಂದಿಕೊಳ್ಳುತ್ತದೆ. ರಾತ್ರಿಯಿಡೀ 4ರ ಸುತ್ತ ನಿಂತ ಹಾಲಿಗೆ ಅಕ್ಷ 3.9ರಿಂದ 4.1ರವರೆಗೆ ಕುಗ್ಗಿ, ಸೆನ್ಸರ್‌ನ 0.0625 ಡಿಗ್ರಿಯ ಸಣ್ಣ ಮೆಟ್ಟಿಲುಗಳೇ ಬೆಟ್ಟಗಳಾಗಿ ಕಾಣುತ್ತವೆ. ಸೆನ್ಸರ್‌ನ ನಿಖರತೆಯೇ ಅರ್ಧ ಡಿಗ್ರಿ ಆಚೀಚೆ ಇರುವಾಗ ಆ ಏರಿಳಿತಕ್ಕೆ ಬೆಲೆಯಿಲ್ಲ.

ಇಂಟರ್‌ಪೋಲೇಶನ್ ಲೀನಿಯರ್ ಇರಲಿ. ಬೆಜಿಯರ್ ಆರಿಸಿದರೆ ಗೆರೆ ನಯವಾಗಿ ಬಾಗಿ ಚೆಂದ ಕಾಣುತ್ತದೆ ನಿಜ. ಆದರೆ ತಿರುವಿನಲ್ಲಿ ಬಿಂದುವನ್ನು ದಾಟಿ ಕೆಳಗೆ ಹೋಗಿ ಬರಬಹುದು, ಹಾಲು ಮುಟ್ಟದ ಉಷ್ಣಾಂಶವನ್ನು ಮುಟ್ಟಿದಂತೆ ತೋರಿಸುತ್ತದೆ. ಕಂಪ್ರೆಸರ್ ಆನ್-ಆಫ್ ತೋರಿಸುವುದಾದರೆ ಅದಕ್ಕೆ ಸ್ಟೆಪ್ ಸರಿ. ಅದನ್ನು ಕೆಳಗೆ ಕಡಿಮೆ ಎತ್ತರದ ಬೇರೊಂದು ಚಾರ್ಟಿನಲ್ಲಿ, 0ಯಿಂದ 1ರ ಅಕ್ಷದಲ್ಲಿ ಹಾಕಿ. 0ಯಿಂದ 40ರ ಚಾರ್ಟಿನಲ್ಲಿ 1 ಅನ್ನುವುದು ಕಾಣುವುದೇ ಇಲ್ಲ.

ಎಷ್ಟು ಬಿಂದು, ಎಷ್ಟು ಹೊತ್ತು

ಎಕ್ಸ್ ಅಕ್ಷದ ಮಿತಿಯಲ್ಲಿ ‘ಕೊನೆಯ ಇಷ್ಟು ಗಂಟೆ’ ಮತ್ತು ‘ಇಷ್ಟು ಬಿಂದು’ ಎಂಬ ಎರಡು ಜಾಗಗಳಿವೆ. ಯಾವುದು ಮೊದಲು ತುಂಬುತ್ತದೋ ಅದೇ ಹಳೆಯದನ್ನು ಕತ್ತರಿಸುತ್ತದೆ. 10 ಸೆಕೆಂಡಿಗೊಂದರಂತೆ ಗಂಟೆಗೆ 360 ಬಿಂದು, ದಿನಕ್ಕೆ 8,640. ಇಷ್ಟನ್ನೂ ಫೋನಿನ ಪುಟ್ಟ ಪರದೆಯಲ್ಲಿ ಬಿಡಿಸುವುದು ವ್ಯರ್ಥ, ಅಗ್ಗದ ಫೋನಾದರೆ ಪುಟ ತಡವರಿಸುತ್ತದೆ. ಎರಡು ಚಾರ್ಟ್ ಮಾಡುವುದೇ ನನ್ನ ಪ್ರಕಾರ ಒಳ್ಳೆಯ ದಾರಿ. ಒಂದು ಕೊನೆಯ 30 ನಿಮಿಷದ್ದು, ಪ್ರತಿ ಓದಿನೊಂದಿಗೆ, 180 ಬಿಂದು. ಇನ್ನೊಂದು 24 ಗಂಟೆಯದ್ದು, ನಿಮಿಷಕ್ಕೊಂದರಂತೆ 1,440 ಬಿಂದು. ಎರಡನೆಯದಕ್ಕೆ ಸಮಯದ ರೂಪ ಗಂಟೆ ಮತ್ತು ನಿಮಿಷ ಮಾತ್ರ ಇರಲಿ, ಸೆಕೆಂಡ್ ಬೇಡ.

ನಿಮಿಷಕ್ಕೊಂದು ಮಾಡಲು ಮೊದಲು ಸ್ಮೂತ್ ನೋಡ್, ಆಮೇಲೆ ಡಿಲೇ ನೋಡ್. ಸ್ಮೂತ್ ನೋಡಿನ ಪ್ರಾಪರ್ಟಿ ಪೇಲೋಡ್ ಡಾಟ್ ಟೆಂಪ್, ಕೆಲಸ ಕೊನೆಯ 6 ಓದುಗಳಲ್ಲಿ ಗರಿಷ್ಠವಾದದ್ದನ್ನು ಕೊಡುವುದು. ಸರಾಸರಿ ಏಕಲ್ಲ ಅಂದರೆ, ಇಲ್ಲಿ ನಮಗೆ ಕೇಡು ಇರುವುದು ಬಿಸಿಯಲ್ಲಿ. ಸರಾಸರಿ ಚಿಕ್ಕ ಏರಿಕೆಯನ್ನು ಮುಚ್ಚಿಹಾಕುತ್ತದೆ, ಗರಿಷ್ಠ ಹಾಗೆಯೇ ಉಳಿಸುತ್ತದೆ. ಡಿಲೇ ನೋಡಿನಲ್ಲಿ ರೇಟ್ ಲಿಮಿಟ್, 1 ನಿಮಿಷಕ್ಕೆ 1 ಸಂದೇಶ, ಮತ್ತು ನಡುವಿನ ಸಂದೇಶಗಳನ್ನು ಬಿಟ್ಟುಬಿಡುವ ಆಯ್ಕೆ. ಈ ಕೊನೆಯದನ್ನು ಆರಿಸದಿದ್ದರೆ ಹೆಚ್ಚುವರಿ ಸಂದೇಶಗಳೆಲ್ಲ ಕ್ಯೂನಲ್ಲಿ ಸೇರುತ್ತ ಹೋಗುತ್ತವೆ. ನಿಮಿಷಕ್ಕೆ 6 ಬಂದು 1 ಹೊರಟರೆ, ಒಂದು ಗಂಟೆಯ ನಂತರ ಚಾರ್ಟ್ ತೋರಿಸುವುದು 50 ನಿಮಿಷ ಹಿಂದಿನ ಹಾಲನ್ನು. ಗೆರೆ ಓಡುತ್ತಲೇ ಇರುವುದರಿಂದ ಈ ತಪ್ಪು ಗೊತ್ತಾಗುವುದೇ ಇಲ್ಲ.

ಎರಡು ಸೆನ್ಸರ್‌ಗಳನ್ನು ಒಂದೇ ಡಿಲೇ ನೋಡಿಗೆ ಜೋಡಿಸಬೇಡಿ. ಮೊದಲು ಬಂದ ಟಾಪಿಕ್ ದಾಟುತ್ತದೆ, ಹಿಂದೆಯೇ ಬಂದದ್ದು ಬಿದ್ದುಹೋಗುತ್ತದೆ. ಸೆನ್ಸರ್‌ಗೊಂದು ಜೋಡಿ ಹಾಕಿ.

ಸಮಯ ತಪ್ಪುವ ಮೂರು ಬಗೆ

ಎಕ್ಸ್ ಎಂಬಲ್ಲಿ ಟೈಮ್‌ಸ್ಟ್ಯಾಂಪ್ ಎಂದು ಬಿಟ್ಟರೆ ಸಂದೇಶ ಪೈಗೆ ತಲುಪಿದ ಸಮಯವೇ ಬಿಂದುವಿನ ಸಮಯ. ಬೋರ್ಡ್ ಓದುಗಳನ್ನು ಕೂಡಿಟ್ಟು ಕಳಿಸುವಂಥದ್ದಲ್ಲದಿದ್ದರೆ ಇದೇ ಸಾಕು, ಇದರಿಂದಲೇ ಶುರುಮಾಡಿ. ಬೋರ್ಡಿನ ಸಮಯವನ್ನೇ ಬಳಸಬೇಕಾದರೆ ಸಂದೇಶದಲ್ಲಿ ಇನ್ನೊಂದು ಕೀ ಸೇರಿಸಿ, ಈ ಮೂರು ತಪ್ಪುಗಳಿಗೆ ಸಿದ್ಧರಾಗಿ.

ಬಿಂದುಗಳು 1970ರ ಜನವರಿಯಲ್ಲಿ ಬಿದ್ದರೆ, ಮಿಲಿಸೆಕೆಂಡ್ ಬೇಕಾದ ಕಡೆ ಸೆಕೆಂಡ್ ಕಳಿಸಿದ್ದೀರಿ, 1000ದಿಂದ ಗುಣಿಸಿ. ಬಿಂದುಗಳು ಐದೂವರೆ ಗಂಟೆ ಮುಂದೆ ಬಿದ್ದರೆ, ಬೋರ್ಡಿನ ಕೋಡ್ ಭಾರತೀಯ ಸಮಯಕ್ಕಾಗಿ 19,800 ಸೆಕೆಂಡ್ ಕೂಡಿಸಿದೆ, ಬ್ರೌಸರ್ ಮತ್ತೆ ಅದನ್ನೇ ಕೂಡಿಸಿದೆ. ಬೋರ್ಡಿನಿಂದ ಯಾವಾಗಲೂ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಕಳಿಸಿ. ಎಲ್ಲ ಸರಿಯಿದ್ದೂ ಕರೆಂಟ್ ಹೋಗಿ ಬಂದಾಗ ಮಾತ್ರ ಚಾರ್ಟ್ ಬಲ ಅಂಚಿನಲ್ಲಿ ಒಂದೇ ನೆಟ್ಟಗಿನ ಗೀಟಾದರೆ, ಇಂಟರ್‌ನೆಟ್‌ನಿಂದ ಸಮಯ ಸಿಗುವ ಮುನ್ನವೇ ಬೋರ್ಡ್ ಒಂದು ಓದನ್ನು 1970ರ ಸಮಯದೊಂದಿಗೆ ಕಳಿಸಿದೆ, ಅಕ್ಷ ಅಲ್ಲಿಂದ ಇಲ್ಲಿಯವರೆಗೆ ಹಿಗ್ಗಿದೆ. ಸಮಯ ಸಿಕ್ಕುವವರೆಗೆ ಏನನ್ನೂ ಕಳಿಸದಂತೆ ಕೋಡಿನಲ್ಲಿ ತಡೆ ಹಾಕಿ.

ಪೈ ವಿಷಯದಲ್ಲೂ ಎಚ್ಚರ ಬೇಕು. ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಪೈ 5ರಲ್ಲಿ ಇದೆ, ಆದರೆ ಬ್ಯಾಟರಿಯನ್ನು ನಾವೇ ಹಾಕಬೇಕು. ಲೋಡ್ ಶೆಡ್ಡಿಂಗ್ ನಂತರ ಇಂಟರ್‌ನೆಟ್ ಬರುವುದು ತಡವಾಗುವ ಊರಿನಲ್ಲಿ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕುವುದು ಖರ್ಚಿಗೆ ತಕ್ಕ ಕೆಲಸ.

ಡೇಟಾ ನಿಂತರೆ ಹೇಳುವ ದೀಪ

ಲೈನ್ ಚಾರ್ಟ್ ಎರಡು ಬಿಂದುಗಳ ನಡುವೆ ಎಷ್ಟೇ ಹೊತ್ತು ಕಳೆದಿದ್ದರೂ ನೇರ ಗೆರೆ ಎಳೆದುಬಿಡುತ್ತದೆ. ಹೊಸ ಬಿಂದು ಬರುವ ತನಕ ಇದ್ದಲ್ಲೇ ನಿಲ್ಲುತ್ತದೆ. ಹಾಗಾಗಿ ಚಾರ್ಟಿನ ತಲೆಯ ಮೇಲೆ ಒಂದು ಟೆಕ್ಸ್ಟ್ ವಿಜೆಟ್ ಇರಲೇಬೇಕು.

ಸ್ವಿಚ್ ನೋಡಿನ ಮೊದಲ ಔಟ್‌ಪುಟ್‌ನಿಂದ, ಅಂದರೆ ಜರಡಿ ದಾಟಿದ ಓದುಗಳಿಂದ, ಒಂದು ವೈರ್ ಟ್ರಿಗರ್ ನೋಡಿಗೆ ಎಳೆಯಿರಿ. ಮೊದಲು ಕಳಿಸುವ ಪದ ‘ಓದು ಬರುತ್ತಿದೆ’, ಕಾಯುವ ಸಮಯ 90 ಸೆಕೆಂಡ್, ಹೊಸ ಸಂದೇಶ ಬಂದರೆ ಕಾಯುವಿಕೆ ವಿಸ್ತರಿಸುವ ಗುರುತಿಗೆ ಟಿಕ್, ಆಮೇಲೆ ಕಳಿಸುವ ಪದ ‘ಓದು ನಿಂತಿದೆ’. ಟಿಕ್ ಮರೆತರೆ ಸೆನ್ಸರ್ ಸರಿಯಿದ್ದರೂ ಒಂದೂವರೆ ನಿಮಿಷಕ್ಕೊಮ್ಮೆ ಸುಳ್ಳು ಎಚ್ಚರಿಕೆ ಬರುತ್ತದೆ. ವೈರನ್ನು ಜರಡಿಗಿಂತ ಮೊದಲು ಎಳೆದರೆ ಮೈನಸ್ 127 ಕೂಡ ಜೀವಂತ ಓದಾಗಿ ಎಣಿಕೆಯಾಗಿ, ಕಿತ್ತುಹೋದ ಸೆನ್ಸರ್ ಸರಿಯಿದೆ ಅನ್ನಿಸಿಕೊಳ್ಳುತ್ತದೆ. ನೋಡ್-ರೆಡ್ ಶುರುವಾದಾಗಿನಿಂದ ಒಂದೂ ಓದು ಬಾರದಿದ್ದರೆ ಟ್ರಿಗರ್ ಎಚ್ಚರಗೊಳ್ಳುವುದೇ ಇಲ್ಲ. ಅದಕ್ಕಾಗಿ ಶುರುವಿನಲ್ಲಿ ಒಮ್ಮೆ ಮಾತ್ರ ಓಡುವ ಇಂಜೆಕ್ಟ್ ನೋಡಿನಿಂದ ‘ಓದು ನಿಂತಿದೆ’ ಎಂಬುದನ್ನು ನೇರವಾಗಿ ಟೆಕ್ಸ್ಟ್ ವಿಜೆಟ್‌ಗೆ ಕಳಿಸಿ.

ಒಪ್ಪಿಸುವ ಮುನ್ನ ಪರೀಕ್ಷೆ

ಮೊದಲು ಇಂಜೆಕ್ಟ್ ನೋಡಿನಿಂದ 35, 20, 4 ಎಂದು ಗೊತ್ತಿರುವ ಅಂಕಿಗಳನ್ನು ಕಳಿಸಿ, ಗೆರೆ ಅದೇ ಎತ್ತರಕ್ಕೆ ಬೀಳುತ್ತಿದೆಯೇ ನೋಡಿ. ಆಮೇಲೆ ಸೆನ್ಸರ್‌ನ ಡೇಟಾ ವೈರ್ ಕೀಳಿ. 90 ಸೆಕೆಂಡಿನಲ್ಲಿ ಬರಹ ಬದಲಾಗಬೇಕು, ಚಾರ್ಟಿನಲ್ಲಿ ಯಾವ ಕುಸಿತವೂ ಕಾಣಬಾರದು. ಬೋರ್ಡಿನ ಪವರ್ ತೆಗೆದು ಹಾಕಿ, 85 ಕಾಣಬಾರದು. ರೂಟರ್ ಆಫ್ ಮಾಡಿ ಐದು ನಿಮಿಷದ ನಂತರ ಆನ್ ಮಾಡಿ. ಬೋರ್ಡ್ ತಾನಾಗಿಯೇ ಮರಳಿ ಸೇರಬೇಕು.

ಚಾಲನೆಯ ನಂತರ ಚಾರ್ಟಿನಲ್ಲಿ ಒಮ್ಮೊಮ್ಮೆ ಅರ್ಧದಿಂದ ಒಂದು ಡಿಗ್ರಿಯ ಹಠಾತ್ ಜಿಗಿತ ಕಂಡರೆ ಸೆನ್ಸರನ್ನು ಬೈಯುವ ಮುಂಚೆ ಹಾಲು ತಿರುಗಿಸುವ ಅಜಿಟೇಟರ್ ಯಾವಾಗ ಓಡಿತು ನೋಡಿ. ಅದು ನಿಂತಿದ್ದಾಗ ತಣ್ಣನೆಯ ಹಾಲು ತಳದಲ್ಲಿ, ಬೆಚ್ಚನೆಯದು ಮೇಲೆ ಪದರವಾಗಿರುತ್ತದೆ. ಓಡಿದಾಗ ಎರಡೂ ಬೆರೆತು ಗೆರೆ ಜಿಗಿಯುತ್ತದೆ, ಆ ಅಂಕಿಯೇ ಟ್ಯಾಂಕಿನ ನಿಜವಾದ ಉಷ್ಣಾಂಶ.

ನೋಡ್-ರೆಡ್ ಮತ್ತೆ ಶುರುವಾದರೆ ಚಾರ್ಟ್ ಖಾಲಿಯಾಗುತ್ತದೆ, ಏಕೆಂದರೆ ಬಿಂದುಗಳು ಇರುವುದು ಮೆಮೊರಿಯಲ್ಲಿ ಮಾತ್ರ. ವಾರಗಳ ದಾಖಲೆ ಬೇಕಿದ್ದರೆ ಜರಡಿ ದಾಟಿದ ಓದುಗಳನ್ನು ಇನ್‌ಫ್ಲಕ್ಸ್‌ಡಿಬಿಯಂಥ ಡೇಟಾಬೇಸಿಗೂ ಬರೆಸಿ. ಹೊಸ ದಿನದ ಹಾಲಿಗೆ ಚಾರ್ಟ್ ಬರಿದು ಮಾಡಬೇಕಿದ್ದರೆ ಪೇಲೋಡ್‌ನಲ್ಲಿ ಖಾಲಿ ಅರೇ ಕಳಿಸುವ ಒಂದು ಬಟನ್ ಇಡಿ. ಆ ಬಟನ್ ಚಾರ್ಟಿನ ಪಕ್ಕದಲ್ಲಿ ಬೇಡ, ಬೇರೆ ಪುಟದಲ್ಲಿರಲಿ. ಒದ್ದೆ ಕೈ ತಗುಲಿದರೆ ಇಡೀ ರಾತ್ರಿಯ ಗೆರೆ ಹೋಗುತ್ತದೆ. ಹೊರ ಊರಿನಿಂದ ನೋಡಬೇಕೆಂದು ರೂಟರ್‌ನಲ್ಲಿ 1880ನೇ ಪೋರ್ಟನ್ನು ತೆರೆದಿಡಬೇಡಿ. ಎಡಿಟರ್ ಕೂಡ ಅದೇ ಪೋರ್ಟಿನಲ್ಲಿದೆ, ಪಾಸ್‌ವರ್ಡ್ ಹಾಕದಿದ್ದರೆ ಯಾರು ಬೇಕಾದರೂ ಒಳಗೆ ಬಂದು ಫ್ಲೋ (ನೋಡ್‌ಗಳ ಜೋಡಣೆ) ಬದಲಿಸಬಹುದು. ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ನೋಡಿ.