ಡಿಸ್ಕ್ ಇದ್ದವು, ಇನ್‌ಸ್ಟಾಲರ್‌ಗೆ ಕಾಣಲಿಲ್ಲ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನವರು ಸೆಕೆಂಡ್ ಹ್ಯಾಂಡ್ ಸರ್ವರ್ ತಂದಿದ್ದರು. ಡಿಸೆಂಬರ್‌ಗೆ ಹೊಸ ತೊಗರಿ ಬರಲು ಶುರುವಾಗುತ್ತದೆ. ಅಷ್ಟರೊಳಗೆ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ಓಡಬೇಕಿತ್ತು. ನಾನು ಆಪರೇಟಿಂಗ್ ಸಿಸ್ಟಂ ಆಗಿ ಎಂಟರ್‌ಪ್ರೈಸ್ ಲಿನಕ್ಸ್ ಬಳಗದ (ರೆಡ್ ಹ್ಯಾಟ್ ಮತ್ತು ಅದರಂಥವು) 9ನೇ ಆವೃತ್ತಿ ಹಾಕಲು ಕೂತೆ.

ಇನ್‌ಸ್ಟಾಲರ್ ಸರಿಯಾಗಿಯೇ ಶುರುವಾಯಿತು. ಆದರೆ ಡಿಸ್ಕ್ ಆರಿಸುವ ಪುಟ ಖಾಲಿ. ಒಳಗೆ ನಾಲ್ಕು ಡಿಸ್ಕ್‌ಗಳಿದ್ದವು, ಪರದೆಯ ಮೇಲೆ ಒಂದೂ ಇಲ್ಲ.

"ಡಿಸ್ಕ್ ಕೆಟ್ಟಾವೇನ್ರಿ ಸರ್?" ಅಂತ ಮುನೀಮರು ಕೇಳಿದರು. ನನಗೂ ಅದೇ ಅನುಮಾನ. ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡೋಣ ಅಂದರೆ ಇವು ಸರ್ವರ್‌ಗಳಲ್ಲಿ ಬಳಸುವ ಸಾಸ್ ಬಗೆಯ ಡಿಸ್ಕ್‌ಗಳು, ಮನೆಯ ಕಂಪ್ಯೂಟರ್‌ನ ಸಾಟಾ ಕನೆಕ್ಟರ್‌ಗೆ ಕೂರುವುದಿಲ್ಲ. ಇನ್‌ಸ್ಟಾಲರ್‌ನ ಐಎಸ್‌ಒ ಫೈಲ್ ಮತ್ತೆ ಇಳಿಸಿದೆ, ಫೈಲ್ ಕೆಟ್ಟಿಲ್ಲ ಅಂತ ಖಚಿತಪಡಿಸಲು ಚೆಕ್‌ಸಮ್ ತಾಳೆ ನೋಡಿದೆ, ಪೆನ್‌ಡ್ರೈವ್ ಬದಲಿಸಿದೆ. ಅರ್ಧ ದಿನ ಹೋಯಿತು.

ದಾರಿ ಸಿಕ್ಕಿದ್ದು ಸರ್ವರ್ ಮತ್ತೆ ಆನ್ ಮಾಡಿದಾಗ. ಡಿಸ್ಕ್‌ಗಳನ್ನು ಸರ್ವರ್‌ಗೆ ಜೋಡಿಸುವ ಕಾರ್ಡ್‌ನ ಸಂದೇಶ ಬಂದ ಕೂಡಲೇ ಕಂಟ್ರೋಲ್-ಸಿ ಒತ್ತಿದೆ. ಕಾರ್ಡ್‌ನ ಮೆನು ತೆರೆಯಿತು. ನಾಲ್ಕೂ ಡಿಸ್ಕ್ ಅಲ್ಲಿವೆ! ಅಂದರೆ ಡಿಸ್ಕ್ ಚೆನ್ನಾಗಿವೆ, ಕೇಬಲ್ ಚೆನ್ನಾಗಿದೆ. ಕಾರ್ಡ್‌ಗೂ ಲಿನಕ್ಸ್‌ಗೂ ನಡುವೆ ಮಾತು ನಿಂತಿದೆ.

ಮತ್ತೆ ಇನ್‌ಸ್ಟಾಲರ್‌ಗೆ ಹೋಗಿ ಕಂಟ್ರೋಲ್-ಆಲ್ಟ್-ಎಫ್1, ಆಮೇಲೆ ಕಂಟ್ರೋಲ್-ಬಿ ಒತ್ತಿ 2 ಒತ್ತಿದೆ. ಅಲ್ಲಿ ಕಮಾಂಡ್ ಕೊಡಲು ಜಾಗ ಸಿಗುತ್ತದೆ. ಈ ಕೀಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಆಸೆ. ಯಂತ್ರದೊಳಗಿನ ಕಾರ್ಡ್‌ಗಳ ಪಟ್ಟಿ ಕೊಡುವ 'ಎಲ್‌ಎಸ್‌ಪಿಸಿಐ' ಕಮಾಂಡ್‌ನ ಜೊತೆ 'ಎನ್‌ಎನ್‌ಕೆ' ಆಯ್ಕೆ ಕೊಟ್ಟೆ. ಕಾರ್ಡ್ ಕಾಣಿಸಿತು: ಸಾಸ್ 2008 ಚಿಪ್, ಐಡಿ 1000:0072. ನೆಟ್‌ವರ್ಕ್ ಕಾರ್ಡ್‌ನ ಕೆಳಗೆ 'ಬಳಕೆಯಲ್ಲಿರುವ ಡ್ರೈವರ್' (ಕಾರ್ಡನ್ನು ನಡೆಸುವ ತಂತ್ರಾಂಶ) ಎಂಬ ಸಾಲು ಇತ್ತು, ಇದರ ಕೆಳಗೆ ಆ ಸಾಲೇ ಇಲ್ಲ. ಈ ಚಿಪ್‌ಗೆ ಬೇಕಾದ ಎಂಪಿಟಿ3ಸಾಸ್ ಡ್ರೈವರ್ ಆ ಆವೃತ್ತಿಯಲ್ಲಿ ಇದ್ದೇ ಇದೆ. ಆದರೆ ಹಳೇ ಕಾರ್ಡ್‌ಗಳ ಐಡಿಗಳನ್ನು ಅದರ ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ಗಟ್ಟಿಮುಟ್ಟಾದ ಯಂತ್ರ ಒಂದು ಪಟ್ಟಿಯ ದೆಸೆಯಿಂದ ಗುಜರಿಗೆ ಹೋಗಬಾರದು, ಅಲ್ವಾ?

ಇದಕ್ಕೆ ಎರಡು ದಾರಿಗಳಿದ್ದವು. ಈ ಬಳಗದ ಲಿನಕ್ಸ್‌ಗಳಿಗೆ ಹೆಚ್ಚುವರಿ ಡ್ರೈವರ್ ಕೊಡುವ ಎಲ್‌ರೆಪೊ ಸಮುದಾಯದವರ ಡ್ರೈವರ್ ಡಿಸ್ಕ್ ತಂದು ಇನ್‌ಸ್ಟಾಲ್ ಹೊತ್ತಿಗೆ ಸೇರಿಸುವುದು ಒಂದು. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಅದರ ಕಡೆ ಕಣ್ಣಿಡಬೇಕು, ಮಿಲ್‌ನಲ್ಲಿ ಅದನ್ನು ನೋಡುವವರು ಯಾರೂ ಇಲ್ಲ. ಇನ್ನೊಂದು ದಾರಿ ಅದೇ ಬಳಗದ ಅಲ್ಮಾಲಿನಕ್ಸ್. ಅದನ್ನು ಮಾಡುವವರು 2024ರಲ್ಲಿ ಬಂದ 9.4ರಿಂದ ಇಂಥ ಹಳೇ ಕಾರ್ಡ್‌ಗಳಿಗೆ ಮತ್ತೆ ಜಾಗ ಕೊಟ್ಟಿದ್ದಾರೆ. ನಾನು ಅದನ್ನೇ ಹಾಕಿದೆ. ಡಿಸ್ಕ್‌ಗಳು ಸಾಲಾಗಿ ಬಂದು ನಿಂತವು.

ಇನ್‌ಸ್ಟಾಲ್ ಮುಗಿದ ಮೇಲೆ ಬೂಟ್ ಆಗಲಿಲ್ಲ. ಪೆನ್‌ಡ್ರೈವ್ ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್‌ನಲ್ಲಿ ಶುರುವಾಗಿತ್ತು, ಸರ್ವರ್ ಲೆಗಸಿ ಎಂಬ ಹಳೇ ಬಗೆಯಲ್ಲಿತ್ತು. ಸರ್ವರನ್ನೂ ಯುಇಎಫ್‌ಐಗೆ ಬದಲಿಸಿದೆ, ಬೂಟ್ ಆಯಿತು.

ಕಾರ್ಡ್‌ನ ಐಡಿ, ಹಾಕಿದ ಆವೃತ್ತಿ, ಬೂಟ್ ಬಗೆ, ಈ ಮೂರನ್ನೂ ಚೀಟಿಯಲ್ಲಿ ಬರೆದು ಸರ್ವರ್ ಮುಚ್ಚಳದ ಒಳಗೆ ಅಂಟಿಸಿ ಬಂದೆ.