ತಮ್ಮ ಲೆಕ್ಕ ಮಕ್ಕಳೇ ತಿದ್ದಲಿ

ತರಗತಿಯ ಅಷ್ಟೂ ಪುಸ್ತಕ ಮನೆಗೆ ಹೊತ್ತು ತಂದು, ರಾತ್ರಿ ಕೂತು ತಿದ್ದಿ, ಮರುದಿನ ಕೊಡುತ್ತೀರಿ. ಮಕ್ಕಳು ಎಷ್ಟು ರೈಟ್, ಎಷ್ಟು ತಪ್ಪು ಎಂದು ಎಣಿಸಿ ಪುಸ್ತಕ ಮುಚ್ಚುತ್ತಾರೆ. ನಿನ್ನೆ ಏನು ಯೋಚಿಸಿ ಹಾಗೆ ಬರೆದೆ ಎನ್ನುವುದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಅಭ್ಯಾಸದ ಲೆಕ್ಕವನ್ನು ಮಾಡಿದ ಕೂಡಲೇ ಅವರೇ ತಿದ್ದಿಕೊಳ್ಳಲಿ.

ಶುರುವಿನಲ್ಲೇ ಹೇಳಿಬಿಡಿ: ಇದಕ್ಕೆ ಅಂಕ ಇಲ್ಲ. ಅಂಕ ಇದ್ದರೆ ಉತ್ತರ ನೋಡಿ ಬರೆಯುವ ಆಸೆ ಯಾರಿಗಾದರೂ ಬರುತ್ತದೆ, ಅಲ್ವಾ? ಪರೀಕ್ಷೆಯನ್ನು ಮಾತ್ರ ನೀವೇ ತಿದ್ದಿ.

ಉತ್ತರದ ಹಾಳೆಯನ್ನು ದೂರದ ಮೇಜಿನ ಮೇಲಿಡಿ. ಬರೀ ಉತ್ತರ ಸಾಲದು, ಲೆಕ್ಕ ಬಿಡಿಸಿದ ಹಂತಗಳೂ ಅದರಲ್ಲಿರಲಿ. ಪಕ್ಕದಲ್ಲಿ ಒಂದು ಹಸಿರು ಪೆನ್ನು. ಪೆನ್ಸಿಲ್, ರಬ್ಬರ್ ಮಗು ಕೂತ ಜಾಗದಲ್ಲೇ ಉಳಿಯಬೇಕು. ಮೂರು ನಾಲ್ಕು ಲೆಕ್ಕ ಆದ ತಕ್ಷಣ ಎದ್ದು ಬಂದು ನೋಡಲಿ. ಇಪ್ಪತ್ತೂ ಮುಗಿಯಲಿ ಎಂದು ಕಾದರೆ ಒಂದೇ ತಪ್ಪನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿದ ಹಾಗಾಗುತ್ತದೆ.

ಹಾಳೆ ನೋಡುವ ಮುಂಚೆ ತಾಳೆ ನೋಡುವುದನ್ನು ಕಲಿಸಿ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. 52ರಿಂದ 27 ಕಳೆಯಬೇಕು ಅಂದುಕೊಳ್ಳಿ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ಮಗು 7ರಿಂದಲೇ 2 ಕಳೆದು, 35 ಎಂದು ಬರೆಯುತ್ತದೆ. ಮಕ್ಕಳು ಪದೇ ಪದೇ ಮಾಡುವ ತಪ್ಪು ಇದು. ಈಗ 35ಕ್ಕೆ 27 ಕೂಡಿಸಲು ಹೇಳಿ. 62 ಬಂತು! ಬರಬೇಕಾಗಿದ್ದದ್ದು 52. ಎಲ್ಲೋ ಎಡವಟ್ಟಾಗಿದೆ ಎಂದು ಯಾರೂ ಹೇಳದೆಯೇ ಮಗುವಿಗೆ ಗೊತ್ತಾಯಿತು. ಭಾಗಾಕಾರಕ್ಕೂ ಹೀಗೇ. 85ನ್ನು 4ರಿಂದ ಭಾಗಿಸಿ 21 ಬಂದು 1 ಉಳಿದರೆ, 21ನ್ನು 4ರಿಂದ ಗುಣಿಸಿ ಆ 1 ಸೇರಿಸಿ ನೋಡಬೇಕು.

ತಾಳೆ ಎಲ್ಲವನ್ನೂ ಹಿಡಿಯುವುದಿಲ್ಲ. 'ಏಳೆಂಟ್ಲ ಐವತ್ನಾಲ್ಕು' ಎಂದೇ ಬಾಯಿಪಾಠವಾಗಿದ್ದರೆ ಹಿಂದಿನಿಂದ ಮಾಡಿದರೂ ಅದೇ ತಪ್ಪು ಮಗ್ಗಿ ಬಂದು ಎಲ್ಲ ಸರಿ ಎನ್ನಿಸಿಬಿಡುತ್ತದೆ. ಹಾಳೆ ಬೇಕಾಗುವುದು ಇಂಥ ಕಡೆ.

ತಪ್ಪು ಸಿಕ್ಕಿದರೆ ಅಳಿಸಬಾರದು. ಎಡವಿದ ಹಂತಕ್ಕೆ ಹಸಿರು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದಕ್ಷರ ಬರೆಯಲಿ: ದಶಕದ ತಪ್ಪಾದರೆ 'ದ', ಮಗ್ಗಿಯದಾದರೆ 'ಮ', ಪ್ರಶ್ನೆ ಇಳಿಸಿಕೊಳ್ಳುವಾಗ ಆದದ್ದಕ್ಕೆ 'ಇ'. ಆಮೇಲೆ ಜಾಗಕ್ಕೆ ಹೋಗಿ ಹಾಳೆ ಇಲ್ಲದೆ ಮತ್ತೊಮ್ಮೆ ಮಾಡಲಿ. ಸಂಜೆ ನೀವು ಪುಟ ತಿರುವಿದರೆ ಸಾಕು. 'ದ' ಜಾಸ್ತಿ ಇರುವ ನಾಲ್ಕೈದು ಮಕ್ಕಳನ್ನು ನಾಳೆ ಹತ್ತಿರ ಕೂರಿಸಿಕೊಳ್ಳಬಹುದು.

ದಿನವೂ ಎಲ್ಲ ಸರಿ ಬರುವ ಮಗುವಿದ್ದರೆ ಅನುಮಾನಪಟ್ಟು ಗದರಬೇಡಿ. 'ಈ ಲೆಕ್ಕ ಹೇಗೆ ಮಾಡಿದೆ, ನನಗೂ ಹೇಳು' ಎಂದು ಸುಮ್ನೆ ಕೇಳಿ. ಇನ್ನು, ಹಾಳೆಯಲ್ಲೇ ತಪ್ಪಿದೆ ಎಂದು ಯಾರಾದರೂ ಓಡಿ ಬರಬಹುದು. ಪೆನ್ಸಿಲ್ ತೆಗೆದುಕೊಂಡು ಅವರ ಜೊತೆ ನೀವೂ ತಾಳೆ ನೋಡಿ. ಮಗು ಹೇಳಿದ್ದೇ ಸರಿಯಾದರೆ ಆ ಹಸಿರು ಪೆನ್ನಿನಿಂದ ಹಾಳೆಯನ್ನು ಅದೇ ತಿದ್ದಲಿ.